ಅಳಲು ಒಪ್ಪದವರ ಅನುದಾನದ ಅರ್ಜಿ

ಅನುದಾನ ಆಯ್ಕೆ ಸಮಿತಿಯ ಅಧ್ಯಕ್ಷರೇ,

‘ಶೋಕ ಸಾಲದು’ ಎಂಬ ಕಾರಣ ಕೊಟ್ಟು ನಮ್ಮ ಮೊಹರಂ ಪದಗಳ ಮೇಳದ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಇದು ಮೂರನೆಯ ಸಲ. ಮೊದಲ ವರ್ಷ, ಮೇಳದಲ್ಲಿ ಹಿಂದೂಗಳೂ ಮುಸ್ಲಿಮರೂ ಇರುವುದರಿಂದ ಯಾವ ವಿಭಾಗಕ್ಕೂ ಸೇರುವುದಿಲ್ಲ ಎಂದಿರಿ. ಮರುವರ್ಷ ಎರಡೂ ವಿಭಾಗಕ್ಕೆ ಅರ್ಜಿ ಹಾಕಿದೆ; ಒಂದೇ ಮೇಳ ಎರಡು ಕಡೆ ಕೈಚಾಚುವುದು ನಿಯಮಬಾಹಿರ ಎಂದಿರಿ. ಪ್ರತಿ ಪತ್ರದ ಕೊನೆಗೂ ‘ಈ ಅನುಭವದಿಂದ ಕಲಿತು ಮತ್ತೆ ಪ್ರಯತ್ನಿಸಿ’ ಎಂಬ ಆಶೀರ್ವಾದವಿತ್ತು. ಕಲಿತಿದ್ದೇನೆ. ಈ ವಯಸ್ಸಿನಲ್ಲಿ ಇಷ್ಟೊಂದು ಕಲಿಯುವುದು ಆರೋಗ್ಯಕ್ಕೆ ಒಳ್ಳೆಯದೇ ಎಂಬುದನ್ನು ಮಾತ್ರ ನೀವು ತಿಳಿಸಿಲ್ಲ.

ಮೇಳದಲ್ಲಿ ನಾನು ಹಾಡುವುದಿಲ್ಲ. ಸರ್ಕಾರಕ್ಕೆ ಅರ್ಥವಾಗುವಂತೆ ಬರೆಯಬಲ್ಲೆನೆಂಬ ತಪ್ಪು ನಂಬಿಕೆಯಿಂದ ನನ್ನನ್ನು ಸೇರಿಸಿಕೊಂಡಿದ್ದಾರೆ. ನಾವು ಕೇಳಿದ್ದಾದರೂ ಏನು? ಕಮಲಾಪುರದ ಹುಸೇನ ಒಂದು ಸೊಲ್ಲು ಎತ್ತಿದರೆ ಮುಂದಿನದನ್ನು ಖಂಡೆಪ್ಪ ಹಿಡಿಯಬೇಕು. ಖಂಡೆಪ್ಪ ಈಗ ನಂದೂರಿನ ಬೇಳೆ ಮಿಲ್ಲಿನಲ್ಲಿ ದಿನಗೂಲಿ. ಮೊಹರಮ್ಮಿಗೆ ಊರಿಗೆ ಹೋದರೆ ಅಷ್ಟು ದಿನದ ಕೂಲಿ ಹೋಗುತ್ತದೆ. ಅದನ್ನು ತುಂಬಿಕೊಡಿ ಎಂದೆವು. ಹೋದ ವರ್ಷ ಆತನಿಗೆ ಹೋಗಲಾಗಲಿಲ್ಲ. ಮೊಹರಮ್ಮಿಗೆ ತೋಡುವ ಅಲಾಯಿ ಕುಣಿಯ ಬೆಂಕಿಯ ಮುಂದೆ ಹುಸೇನ ಮೊದಲ ಸೊಲ್ಲು ಎತ್ತಿದ, ಉತ್ತರಕ್ಕೆ ಕಾದ, ಮತ್ತೆ ಎತ್ತಲಿಲ್ಲ. ನಾನು ಅಲ್ಲಿದ್ದೆ. ಆ ಮೌನವನ್ನು ನಿಮ್ಮ ಅರ್ಜಿಯ ಯಾವ ಕಾಲಮ್ಮಿನಲ್ಲಿ ತುಂಬಬೇಕೋ ತಿಳಿಯಲಿಲ್ಲ.

ಈ ಸಲ ಕೇಳಿಯೇ ನಿರ್ಧರಿಸುತ್ತೇವೆ ಎಂದು ಮೇಳವನ್ನು ಕಲಬುರಗಿಯ ಸಭಾಂಗಣವೊಂದಕ್ಕೆ ಕರೆಸಿದಿರಿ. ಮೊಹರಂ ಇನ್ನೂ ದೂರವಿತ್ತು. ನಿಮ್ಮ ಊಟ ಆಗಷ್ಟೇ ಮುಗಿದಿತ್ತು. ಹುಸೇನ ಪರದೆಯ ಹಿಂದೆಯೇ ನಿಂತುಬಿಟ್ಟ.

“ಸರ್ರಾ, ಇದು ಸಾವಿನ ಪದ. ಯಾರೂ ಸಾಯದ ಮನ್ಯಾಗ ಹ್ಯಾಂಗ ಅಳಲಿರಿ?”

ಊರ ವರಸೆಯಲ್ಲಿ ಹುಸೇನನ ಅಳಿಯನಾದ ಖಂಡೆಪ್ಪ ಪರದೆ ಸರಿಸಿ ನಿಮ್ಮನ್ನು ನೋಡಿದ. “ಮಾಮಾ, ಮುಂದಿನ ಸಾಲಿನ್ಯಾಗ ಇಬ್ಬರ ಮ್ಯಾಲ ನಂಗ ಅನುಮಾನ ಅದ. ಕಣ್ಣ ತೆರಿವಲ್ರು.”

“ಗೊರಕಿ ಕೇಳ್ಸಾಕತ್ತದಲೋ ಅಳಿಯಾ. ಜೀವ ಅದ.”

“ಹಂಗಾರ ಇವರು ಬೀಗರು. ಬೀಗರ ಪದಾನೇ ಹಾಡಮು ನಡಿ.”

ಅನುದಾನ ಕೈತಪ್ಪುತ್ತದೆ ಎಂದು ನಾನು ಗೊಣಗಿದೆ. ಯಾರೂ ಕಿವಿಗೊಡಲಿಲ್ಲ, ಅದು ನನಗೆ ರೂಢಿ. ಮದುವೆಮನೆಯಲ್ಲಿ ಗಂಡಿನ ಕಡೆಯವರನ್ನು ಹೀಯಾಳಿಸುವ ಪದವನ್ನು ಇಬ್ಬರೂ ಎತ್ತಿಯೇಬಿಟ್ಟರು:

ಬಂದಾರ ಬೀಗರು ಬಿಸಿಲಾಗ, ಬಂದವರೇ
ಗಾದಿ ಕೇಳ್ಯಾರ ಗಾಳಿ ಕೇಳ್ಯಾರ, ಉಂಡೆದ್ದು
ಹೆಣ್ಣು ಯಾವೂರು ಅಂದಾರ

ನೀವು ಎಚ್ಚರಗೊಂಡು ತಾಳ ಹಾಕಿದಿರಿ. ಮೇಳ ತಂದಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದಿರಿ. ಮನೆಗೊಂದು ಗೊನೆ ಸಿಗಬಹುದೇ ಎಂದೂ ವಿಚಾರಿಸಿದಿರಿ. ಆಮೇಲೆ ಶೋಕ ಸಾಲದು ಎಂದು ಬರೆದಿರಿ. ಒಪ್ಪುತ್ತೇನೆ. ಇಷ್ಟು ಸರಿಯಾದ ಕಾರಣವನ್ನು ನೀವು ಹಿಂದೆಂದೂ ಕೊಟ್ಟಿರಲಿಲ್ಲ.

ಆದರೆ ಆ ಪತ್ರ ನೇರವಾಗಿ ಬರಲಿಲ್ಲ. ವಿಳಾಸದಲ್ಲಿ ಕಲಬುರಗಿ ಜಿಲ್ಲೆಯ ನಮ್ಮ ಕಮಲಾಪುರದ ಬದಲು ‘ಕಮಲಾಪುರ, ಹಂಪಿ ಹತ್ತಿರ’ ಎಂದಿತ್ತು. ಅಲ್ಲಿನ ಅಂಚೆಯಣ್ಣ ಲಕೋಟೆಯ ಮೇಲಿದ್ದ ನನ್ನ ನಂಬರಿಗೆ ಫೋನ್ ಮಾಡಿ, ಕಲಬುರಗಿಯ ನನ್ನ ಮನೆಗೆ ತಿರುಗಿಸಿದ. ಅದನ್ನು ಹಿಡಿದು ನಂದೂರಿಗೆ ಹೋದೆ. ಮಿಲ್ಲಿನ ಗೇಟಿನಲ್ಲಿ ನಿಂತು ಖಂಡೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡ್ರಿ ಸರ್ರಾ, ಉಂಡೆದ್ದು ಹೆಣ್ಣು ಯಾವೂರು ಅಂದ್ರಲ್ಲ!” ನಗು ಇಳಿದ ಮೇಲೆ ಮೈಮೇಲಿನ ಬೇಳೆಯ ಹೊಟ್ಟು ಕೊಡವುತ್ತ, “ಮಾಮಾಗ ಹೇಳ್ರಿ, ಈ ವರ್ಷಾನೂ ನಂದು ಆಗಂಗಿಲ್ಲ” ಎಂದ.

ನಾನಿನ್ನೂ ಹೇಳಿಲ್ಲ. ಹೇಳುವ ಮೊದಲು ನಿಮಗೆ ಬರೆಯುತ್ತಿದ್ದೇನೆ. ಬೇಡಿಕೆ ಇಷ್ಟೇ: ಮೊದಲು ಖಂಡೆಪ್ಪನ ಕೂಲಿ ಮಂಜೂರು ಮಾಡಿ, ಆಮೇಲೆ ಮೊಹರಮ್ಮಿಗೆ ಕೇಳಲು ಬನ್ನಿ. ಹುಮನಾಬಾದ ರಸ್ತೆಯ ಕಮಲಾಪುರಕ್ಕೆ. ಗಾದಿ ಇರುವುದಿಲ್ಲ, ಗಾಳಿ ಇದ್ದರೆ ಇದೆ. ಹುಸೇನ ಬೆಂಕಿಯ ಮುಂದೆ ಸೊಲ್ಲು ಎತ್ತುತ್ತಾನೆ. ಖಂಡೆಪ್ಪ ಇದ್ದರೆ ಶೋಕ ಎಷ್ಟಿದೆಯೆಂದು ನೀವೇ ಅಳೆಯಬಹುದು. ಇಲ್ಲದಿದ್ದರೆ ಮುಂದಿನ ಸೊಲ್ಲನ್ನು ನೀವೇ ಹಿಡಿಯಬೇಕಾದೀತು.

ಬರುತ್ತದೆಯೇ?

ಇಂತಿ,
ಮೂರು ಸಲ ಕಲಿತವನು,
ಹೆಣ್ಣಿನ ಕಡೆಯಿಂದ