ಹಿಂದಿನ ಎರಡು ಚಕ್ರ

ಮಂಗಳವಾರ, ಜೂನ್ ೧೧
ಲ್ಯಾಬಿನಿಂದ, ಊಟದ ಬಿಡುವಿನಲ್ಲಿ

ಮಗಳ ಅಪ್ಪನಿಗೆ,

ಮೇಲೆ ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗೀಟಿನ ಅಡಿಯಿಂದ ಕಾಣಿಸುತ್ತಿದ್ದರೆ ಕಾಣಿಸಲಿ, ಇನ್ನೊಂದು ಹಾಳೆ ದಂಡ ಮಾಡುವ ಮನಸ್ಸಿಲ್ಲ.

ನಿಮ್ಮ ಎರಡು ಸಾಲಿನ ಚೀಟಿಯನ್ನು ಮಗಳು ಭಾನುವಾರ ತಂದುಕೊಟ್ಟಳು. ಕಾರು ಮಾರಿಬಿಡು, ಕಾಗದಕ್ಕೆ ಸಹಿ ಹಾಕಿಕೊಡುತ್ತೇನೆ ಎಂದಿದ್ದೀರಿ. ಕಾಗದದಲ್ಲಿ ನಿಮ್ಮ ಹೆಸರು, ಉಗುರಿನಲ್ಲಿ ನನ್ನ ಗ್ರೀಸು. ಮಾರುವುದಾದರೆ ಅದಕ್ಕೆ ಏನೇನು ಆಗಿದೆ ಎಂದು ಕೊಳ್ಳುವವರಿಗೆ ಹೇಳಬೇಕಾಗುತ್ತದೆ. ಅದಕ್ಕೂ ಮೊದಲು ನಿಮಗೆ ಹೇಳುವುದು ನ್ಯಾಯ.

ಕನ್ನಡಕದಂಗಡಿಯವರಿಂದ ಕೊಂಡಾಗ ಅದಕ್ಕೆ ಹನ್ನೊಂದು ವರ್ಷ. ಎರಡೇ ಬಾಗಿಲು, ಉದ್ದ ಮೂತಿ, ಹಿಂದಿನ ಸೀಟಿನಲ್ಲಿ ಒಂದು ಚೀಲ ಕೂತರೆ ಇನ್ನೊಂದಕ್ಕೆ ಜಾಗವಿಲ್ಲ. ಬೇಕೆಂದು ಹಟ ಹಿಡಿದವಳು ನಾನು. ನಿಮ್ಮ ಅಕ್ಕ ಬಂದು ನೋಡಿ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಕೇಳಿದರು. ನೀವು ಒಳಗೆ ಕೂತು, ದಿನವಿಡೀ ಬಸ್ ಓಡಿಸಿ ಇಳಿದು ಇದರಲ್ಲಿ ಕೂತರೆ ಬಾವಿಗಿಳಿದ ಹಾಗಿದೆ ಅಂದಿರಿ. ಆದರೆ ಮೊದಲ ತಿರುವಿನಲ್ಲೇ ನಿಮ್ಮ ಮುಖ ಬದಲಾದದ್ದನ್ನು ನಾನು ನೋಡಿದ್ದೆ. ನಮ್ಮ ಹಳೆಯ ಕಾರನ್ನು ಮುಂದಿನ ಚಕ್ರಗಳು ಎಳೆದುಕೊಂಡು ಹೋಗುತ್ತಿದ್ದವು. ಇದನ್ನು ಹಿಂದಿನ ಚಕ್ರಗಳು ತಳ್ಳುತ್ತವೆ. ಯಾರೋ ಬೆನ್ನ ಮೇಲೆ ಕೈಯಿಟ್ಟು ನಡಿ ಎಂದ ಹಾಗೆ ಎಂದು ನೀವೇ ಹೇಳಿದ್ದು.

ನೀವು ಹೋದ ಮೇಲೆ ಆದದ್ದು: ಗೋಡೆಗೆ ಬಡಿದು ಮಡಚಿದ ಎಡ ಮೂಲೆಯನ್ನು ತಗಡಿನವರು ಸರಿಮಾಡಿದರು, ಬಣ್ಣ ಮಾತ್ರ ಒಂದು ಪಾಲು ಹೆಚ್ಚು ಕೆಂಪಾಗಿದೆ, ಬಿಸಿಲಿನಲ್ಲಿ ಗೊತ್ತಾಗುತ್ತದೆ. ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸವು. ಬ್ರೇಕ್ ಪ್ಯಾಡ್ ನಾನೇ ಹಾಕಿದೆ. ಕ್ಲಚ್‌ಗೆ ಮಾತ್ರ ಗ್ಯಾರೇಜಿಗೆ ಹೋದೆ. ಕಾರಿನ ಅಡಿ ಮಲಗಿ ತುಕ್ಕು ಕೆರೆದು ಬಣ್ಣ ಬಳಿಯಲು ಆರು ಭಾನುವಾರ ಹಿಡಿಯಿತು. ಡ್ರೈವರ್ ಸೀಟನ್ನು ಎರಡು ಬೆರಳಿನಷ್ಟು ಎತ್ತರಿಸಿದ್ದೇನೆ. ಹಾಗೇಕೆ ಮಾಡಿದೆನೋ ಗೊತ್ತಿಲ್ಲ, ನನಗಂತೂ ಅದು ಬೇಕಿರಲಿಲ್ಲ. ಲ್ಯಾಬಿನಲ್ಲಿ ದಿನವಿಡೀ ಕಟ್ಟುಹಲ್ಲು ಉಜ್ಜಿ ಕೂರಿಸುವವಳಿಗೆ ಕೂದಲೆಳೆಯಷ್ಟು ವ್ಯತ್ಯಾಸವೂ ಚುಚ್ಚುತ್ತದೆ. ಯಾವುದೇ ನಟ್ಟನ್ನು ನಾನು ಅಂದಾಜಿನ ಮೇಲೆ ಬಿಗಿದಿಲ್ಲ.

ಇಷ್ಟು ಕೊಳ್ಳುವವರಿಗೆ. ಇನ್ನು ಮುಂದಿನದು ನಿಮಗೆ ಮಾತ್ರ.

ಅಪಘಾತಕ್ಕೆ ಮುಂಚಿನ ಸಂಜೆ ನಾನು ಎರಡು ಹೊಸ ಟೈರು ತಂದಿದ್ದೆ, ನೆನಪಿರಬೇಕು. ನೀವು ಡ್ಯೂಟಿಯಲ್ಲಿದ್ದಿರಿ. ಅಂಗಡಿಯವರು ಹೊಸ ಟೈರನ್ನು ಚಕ್ರಕ್ಕೆ ಏರಿಸಿಕೊಟ್ಟರು, ಮನೆಯ ಮುಂದೆ ಜ್ಯಾಕ್ ಹಾಕಿ ಚಕ್ರಗಳನ್ನು ಕೂರಿಸಿದವಳು ನಾನು. ಹೊಸವನ್ನು ಮುಂದೆ ಹಾಕಿದೆ, ಸವೆದವನ್ನು ಹಿಂದೆ. ಹಳೆಯ ಕಾರಿಗೂ ಹಾಗೇ ಮಾಡಿಕೊಂಡು ಬಂದಿದ್ದೆ. ತಿರುಗುವುದು ಮುಂದಿನ ಚಕ್ರ, ಆದ್ದರಿಂದ ಒಳ್ಳೆಯದು ಅಲ್ಲಿರಲಿ ಎಂಬುದು ನನ್ನ ಲೆಕ್ಕ. ಯಾರನ್ನೂ ಕೇಳಲಿಲ್ಲ. ಕೇಳುವ ಜಾಯಮಾನ ನನ್ನದಲ್ಲವೆಂದು ನಿಮಗೆ ಗೊತ್ತು.

ಮರುದಿನ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಮಗಳನ್ನು ಪರೀಕ್ಷೆಗೆ ಬಿಡಲು ಹೊರಟಿರಿ. ನೀರಿನ ಟ್ಯಾಂಕಿನ ಹತ್ತಿರದ ವೃತ್ತದಲ್ಲಿ ಕಾರಿನ ಹಿಂಭಾಗ ಜಾರಿತು, ಗಿರಕಿ ಹೊಡೆದು ಗೋಡೆಗೆ ಬಡಿಯಿತು. ಅವಳ ಹೆಗಲ ಮೂಳೆ ಮುರಿಯಿತು, ಆ ವರ್ಷದ ಪರೀಕ್ಷೆ ತಪ್ಪಿತು. ನಿಮಗೆ ಒಂದು ಗೀರೂ ಆಗಲಿಲ್ಲ, ಅದೇ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ, ನಿಮ್ಮ ಅಕ್ಕನ ಎದುರು, ನರ್ಸಿನ ಎದುರು, ಇಪ್ಪತ್ತು ವರ್ಷ ಬಸ್ ಓಡಿಸಿದೋರಿಗೆ ಇಷ್ಟು ಚಿಕ್ಕ ಕಾರು ಹಿಡಿಯೋಕಾಗ್ಲಿಲ್ವಾ ಅಂತ ಕೇಳಿದೆ. ಆ ವಾರವೇ ನೀವು ಸ್ಟೇರಿಂಗ್ ಬಿಟ್ಟು ಡಿಪೋದ ಕಿಟಕಿಯ ಹಿಂದೆ ಕೂತು ಬಸ್ಸುಗಳ ಸಮಯ ಬರೆಯುವ ಕೆಲಸ ಕೇಳಿಕೊಂಡಿರಿ. ಆಮೇಲೆ ಮನೆಯನ್ನೂ ಬಿಟ್ಟಿರಿ. ನಾನು ತಡೆಯಲಿಲ್ಲ.

ಒಂಬತ್ತು ತಿಂಗಳ ನಂತರ ಹಿಂದಿನ ಟೈರು ಬದಲಿಸಲು ಹೋದೆ. ಅಂಗಡಿಯ ಹಿರಿಯರು ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಚಕ್ರ ಸವರಿ ನೋಡಿ, ಹೊಸದನ್ನ ಮುಂದೆ ಹಾಕಿದ ಪುಣ್ಯಾತ್ಮ ಯಾರು ಅಂತ ಕೇಳಿದರು. ಒದ್ದೆ ರಸ್ತೇಲಿ ಹಿಂದಿನ ಚಕ್ರ ಹಿಡಿತ ಬಿಟ್ರೆ ಎಂಥ ಡ್ರೈವರ್ ಆದ್ರೂ ಕೈಚೆಲ್ಲಬೇಕು, ಇದರಲ್ಲಂತೂ ತಳ್ಳೋದೂ ಅದೇ ಚಕ್ರ ಅಂದರು. ಮೆಕ್ಯಾನಿಕ್ ಹಾಕಿದ್ದು ಅಂದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಹುಡುಕಬೇಕಾಗಲಿಲ್ಲ.

ಅವರ ಮಾತು ನಂಬಲು ಮನಸ್ಸಾಗಲಿಲ್ಲ. ಸವೆದ ಟೈರುಗಳನ್ನು ಎಸೆಯದೆ, ಬೇರೆ ಎರಡು ಹಳೆಯ ಚಕ್ರಕ್ಕೆ ಏರಿಸಿಕೊಂಡು ಮನೆಗೆ ತಂದೆ. ಮಳೆ ಬಿದ್ದ ಒಂದು ಮಧ್ಯಾಹ್ನ, ಮುಚ್ಚಿದ ಗೋದಾಮಿನ ಹಿಂದಿರುವ ಸಿಮೆಂಟ್ ಅಂಗಳಕ್ಕೆ ಹೋಗಿ ಮೊದಲು ಒಳ್ಳೆಯ ಟೈರುಗಳನ್ನು ಹಿಂದೆ ಹಾಕಿ ಸುತ್ತು ಹೊಡೆದೆ. ಕಾರು ಸಾಧುವಾಗಿ ತಿರುಗಿತು. ಆಮೇಲೆ ಸವೆದವನ್ನು ಹಿಂದೆ ಹಾಕಿ ಅದೇ ವೇಗದಲ್ಲಿ, ಅದೇ ಗುರುತಿನ ಹತ್ತಿರ ತಿರುಗಿಸಿದೆ. ಹಿಂಭಾಗ ಬಾಗಿಲು ಬಡಿದುಕೊಂಡ ಹಾಗೆ ಪಕ್ಕಕ್ಕೆ ಬಂತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಗೇ. ನಾಲ್ಕನೆಯದಕ್ಕೆ ನಾನು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದೇ ಇದ್ದೆ, ಆದರೂ ಹಿಂಭಾಗ ನಿಲ್ಲಲಿಲ್ಲ. ಎಂಜಿನ್ ಆರಿಸಿ ಇಳಿದು ಒಳ್ಳೆಯ ಟೈರುಗಳನ್ನು ಮತ್ತೆ ಹಿಂದಕ್ಕೆ ಹಾಕಿದೆ.

ಇದೆಲ್ಲ ಆಗಿ ಹದಿಮೂರು ತಿಂಗಳಾಯಿತು. ಕೆಲಸ ಜಾಸ್ತಿ ಇತ್ತು, ಬರೆಯಲು ಪುರುಸೊತ್ತಾಗಲಿಲ್ಲ ಎಂದು ಹೇಳಬಹುದು. ಅದೂ ಸುಳ್ಳೇ. ಎಲ್ಲರೂ ನನ್ನನ್ನು ಪಾಪ ಎನ್ನುತ್ತಿದ್ದರು, ನಿಮ್ಮ ಅಕ್ಕನೂ ಸೇರಿ. ಅದು ನನಗೆ ಒಗ್ಗಿಹೋಗಿತ್ತು. ನಿಮಗೆ ಹೇಳುವ ಬದಲು ಕಾರಿನ ಅಡಿ ಮಲಗಿ ತುಕ್ಕು ಕೆರೆದೆ. ಯಾರಾದರೂ ಕೇಳಿದರೆ ಹವ್ಯಾಸ ಎನ್ನುತ್ತಿದ್ದೆ.

ಈಗ ಬರೆಯುತ್ತಿರುವುದು ಯಾಕೆಂದರೆ, ಈ ಶುಕ್ರವಾರ ಡಿಪೋದಲ್ಲಿ ನೀವು ಇನ್ನೊಂದು ಕಾಗದಕ್ಕೆ ಸಹಿ ಹಾಕುತ್ತೀರಂತೆ. ಹಾಕಿದರೆ ಕಿಟಕಿಯ ಕೆಲಸವೇ ಖಾಯಂ, ಮತ್ತೆ ಬಸ್ ಹತ್ತುವ ಹಾಗಿಲ್ಲ. ಮಗಳು ಅನ್ನ ಬಡಿಸಿಕೊಳ್ಳುತ್ತ ಇದನ್ನು ಹೇಳಿದಳು. ತಪ್ಪು ನನ್ನ ಕೈಯದು, ನಿಮ್ಮ ಕೈಯದಲ್ಲ. ನಿಮ್ಮ ಕೈಗೆ ಏನೂ ಆಗಿಲ್ಲ. ಅಂದು ಮೊಗಸಾಲೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ಹದಿಮೂರು ತಿಂಗಳು ಬಾಯಿ ಬಿಡದಿದ್ದುದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಮನೆಗೆ ಬನ್ನಿ ಎಂದು ಇದನ್ನು ಬರೆಯುತ್ತಿಲ್ಲ. ಬರುವುದು ಬಿಡುವುದು ನಿಮಗೆ ಸೇರಿದ್ದು. ಕಾರು ಮಾರಬೇಕೆಂದರೆ ಈಗಲೂ ಮಾರುತ್ತೇನೆ. ಆದರೆ ಮಾಡದ ತಪ್ಪಿಗೆ ನೀವು ಬಸ್ ಬಿಡಬಾರದು.

ಇಂತು,
ನಿಮ್ಮ ಮಗಳ ಅಮ್ಮ

ಮರೆತದ್ದು: ಮರೆತದ್ದಲ್ಲ, ನನಗೆ ಗೊತ್ತೇ ಇರದಿದ್ದದ್ದು. ಬುಧವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಅಂಚೆಯನ್ನು ನಂಬಿದರೆ ಶುಕ್ರವಾರ ದಾಟೀತೆಂದು, ನಿಮಗೇ ಕೊಡು ಎಂದು ಪತ್ರವನ್ನು ಮಗಳ ಕೈಗಿತ್ತೆ. ಲಕೋಟೆ ಅಂಟಿಸಿರಲಿಲ್ಲ. ಅವಳು ನಿಂತಲ್ಲೇ ಪೂರ್ತಿ ಓದಿ, ಅಪ್ಪನಿಗೆ ಆವತ್ತೇ ಗೊತ್ತಿತ್ತು ಅಂದಳು. ಆಂಬುಲೆನ್ಸ್ ಬರುವ ಮುಂಚೆ ನೀವು ಕಾರಿಗೆ ಒಂದು ಸುತ್ತು ಬಂದು, ಹಿಂದಿನ ಚಕ್ರದ ಹತ್ತಿರ ಕೂತು, ಬೆರಳಿಟ್ಟು ನೋಡಿದಿರಂತೆ. ಅಮ್ಮನಿಗೆ ಹೇಳ್ಬೇಡ, ಅವಳು ತಡ್ಕೊಳ್ಳಲ್ಲ ಅಂದಿರಂತೆ. ಬಸ್ಸಾಗಿದ್ರೆ ದಿನಾ ಚಕ್ರ ಮುಟ್ಟಿ ನೋಡಿಯೇ ಹತ್ತೋದು, ಇದು ಅವಳು ಮಾಡಿದ ಕೆಲಸ ಅಂತ ನೋಡ್ದೆ ಹತ್ತಿದೆ, ತಪ್ಪು ನಂದೇ ಅಂದಿರಂತೆ. ಹತ್ತಿರ ಹತ್ತಿರ ಎರಡು ವರ್ಷ ಮಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಊಟ ಮಾಡಿದ್ದಾಳೆ. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟು ಬಂದಿದೆ, ಅಳುವೂ ಬರುತ್ತಿದೆ. ಗೊತ್ತಿರುವವರಿಗೆ ಮತ್ತೆ ಹೇಳುವುದೇನು ಎಂದು ಪತ್ರ ಹರಿಯಲು ಹೋದೆ, ಅವಳು ಬಿಡಲಿಲ್ಲ. ನಿಮಗೆ ಗೊತ್ತಿದ್ದುದು ಬೇರೆ, ನಾನು ಹೇಳುವುದು ಬೇರೆ. ಅದಕ್ಕೇ ಕಳಿಸುತ್ತಿದ್ದೇನೆ.