ಪಿಸ್ತೂಲು ಇಲ್ಲದ ನಾಟಕ

೬ ಮಾರ್ಚ್ ೧೯೭೮, ಬೆಳಿಗ್ಗೆ

ಗೇಜ್ ನಾಲ್ಕು ಫೂಟು ಎರಡು ಇಂಚು. ನಿನ್ನೆಯೂ ಅಷ್ಟೇ. ಕಾಲುವೆಯ ನೀರು ಅಳೆದು ಬರೆಯುವುದಕ್ಕೆ ಐದು ನಿಮಿಷ ಸಾಕು. ಉಳಿದ ದಿನವನ್ನು ಏನು ಮಾಡಬೇಕೆಂದು ಇಲಾಖೆ ಹೇಳಿಲ್ಲ. ಕ್ವಾರ್ಟರ್ಸ್‌ನಲ್ಲಿ ನಾನೊಬ್ಬನೇ. ಗಂಗಾವತಿ ನಾಲ್ಕು ಮೈಲಿ.

ರಿವಾಲ್ವರಿಗೆ ಎಣ್ಣೆ ಹಾಕಿದೆ. ಗದಗಿನಲ್ಲಿ ಬಾಗಿಲು ಹಾಕಿದ ಒಂದು ನಾಟಕ ಕಂಪನಿಯ ಸಾಮಾನಿನಲ್ಲಿ ಸಿಕ್ಕದ್ದು. ಇಂಗ್ಲಿಷರ ಕಾಲದ ಮಿಲಿಟರಿ ಆಫೀಸರುಗಳ ವೆಬ್ಲಿ, ಅದರ ನಕಲು. ಎರಕದ ಕಬ್ಬಿಣ. ನಳಿಗೆಗೆ ತೂತೇ ಇಲ್ಲ. ಇಲ್ಲಿಯವರ ಬಾಯಲ್ಲಿ ಎಲ್ಲವೂ ಪಿಸ್ತೂಲೇ.

ಬಳ್ಳಾರಿಯಲ್ಲಿ ಮಿಲಿಟರಿ ಭರ್ತಿಗೆ ನಿಂತಾಗ ನನ್ನ ಎದೆ ಅರ್ಧ ಇಂಚು ಕಡಿಮೆ ಬಿದ್ದಿತ್ತು. ಅವತ್ತು ಅಳೆಸಿಕೊಂಡೆ. ಈಗ ಅಳೆಯುತ್ತೇನೆ.

೧೯ ಮಾರ್ಚ್

ಹಳೆಯ ಹಿಡಿ ಸೀಳಿತ್ತು. ಸಾಗವಾನಿ ತುಂಡು ತಂದು ಹೊಸದು ಕೆತ್ತಿದೆ. ಎರಡು ಸಲ ಹಾಳಾಯಿತು. ಮೂರನೆಯದು ಕೈಯಲ್ಲಿ ಸರಿಯಾಗಿ ಕೂತಿತು. ಯಾರಿಗಾದರೂ ತೋರಿಸಲೇಬೇಕು ಅನ್ನಿಸಿತು... ಯಾರಿಗೆ? ಸೇತುವೆ ದಾಟಿ ಗೌಸಬೀಯ ಚಹಾದಂಗಡಿಗೆ ಒಯ್ದೆ.

"ಅಯ್ಯಯ್ಯ, ಒಳಗ ಇಡ್ರಿ ಸಾಹೇಬ್ರ! ಗಿರಾಕಿ ಓಡಿಹೋಗ್ತಾರ."

"ಸುಳ್ಳಂದು ಐತಿ ಇದು."

"ಸುಳ್ಳಂದಕ್ಕ ಇಷ್ಟ್ಯಾಕ ತಿಕ್ಕೀರಿ?"

ಚಹಾ ಕುಡಿದು ಬಂದೆ.

೨ ಮೇ

ಕಾಲುವೆ ಬಂದ್ ಆಗಿದೆ. ಬೇಸಿಗೆಯಲ್ಲಿ ಪ್ರತಿ ವರ್ಷ ಹೀಗೆ. ಅಳೆಯಲೂ ಏನಿಲ್ಲ.

ಹುಲಿಹೈದರದ ಗೋಣೆಪ್ಪ ಬಂದಿದ್ದ. ಒಕ್ಕಲುತನದವನು, ಊರ ಹುಡುಗರನ್ನು ಕಟ್ಟಿಕೊಂಡು ವರ್ಷಕ್ಕೊಂದು ನಾಟಕ ಆಡಿಸುತ್ತಾನೆ. ಗೌಸಬೀ ಸುದ್ದಿ ಮುಟ್ಟಿಸಿದ್ದಾಳೆ.

"ಖಳನಾಯಕನ ಕೈಯಾಗ ಕಟಗೀದು ಕೊಟ್ರ ಜನ ನಗತಾರ್ರಿ. ನಿಮ್ಮದು ಕೊಡ್ರಿ. ಜ್ವಾಪಾನ ಮಾಡಿ ತಂದುಕೊಡ್ತೀನಿ."

ಕೊಟ್ಟೆ. ನಾಟಕಕ್ಕೆ ಬರ್ರಿ ಅನ್ನಲಿಲ್ಲ. ಮರೆತಿರಬೇಕು.

೯ ಮೇ

ಕರೆಯದಿದ್ದರೂ ಹೋಗಿದ್ದೆ. ಜನರ ಹಿಂದೆ ನಿಂತು ನೋಡಿದೆ. ಖಳನಾಯಕ ಪಿಸ್ತೂಲಿನ ಕುದುರೆ ಎಳೆದ. ನಾಯಕ ಬಿದ್ದ. ಅವನು ಬಿದ್ದು ಸತ್ತಾದ ಮೇಲೆ ಪರದೆಯ ಹಿಂದೆ ಪಟಾಕಿ ಸಿಡಿಯಿತು. ಸತ್ತವನೇ ಬೆಚ್ಚಿ ಎದ್ದು ಕೂತ. ಊರೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದು ನಕ್ಕೆ. ಎಷ್ಟು ದಿನವಾಗಿತ್ತೋ. ಜೊತೆಗೆ ನಗುವವರಿದ್ದರೆ ನಗು ತಾನಾಗಿ ಬರುತ್ತದೆ.

ಬಸ್ಸಿಗೆ ಕಾಯುವಾಗ ಒಂದು ಯೋಚನೆ ಬಂತು.

೧೪ ನವೆಂಬರ್

ಆಯಿತು. ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಕತ್ತರಿಸಿ ಒಳಗೆ ಕೂರಿಸಿದೆ. ಮಕ್ಕಳು ದೀಪಾವಳಿಗೆ ಹೊಡೆಯುವ ಕೇಪು ಇಟ್ಟು ಕುದುರೆ ಎಳೆದರೆ — ಢಂ! ದಂಡೆಯ ಮೇಲಿನ ಕೊಕ್ಕರೆಗಳೆಲ್ಲ ಎದ್ದುಹೋದವು.

ಇನ್ನೊಂದು ಕೆಲಸವನ್ನೂ ಮಾಡಿದೆ. ಹಿಡಿಯ ತಳದಲ್ಲಿ ಒಂದು ಸಣ್ಣ ಮೊಳೆ. ಅದನ್ನು ಒತ್ತದೆ ಕುದುರೆ ಅಲುಗುವುದಿಲ್ಲ. ನೋಡಿದರೆ ಯಾರಿಗೂ ತಿಳಿಯದು. ಪಿಸ್ತೂಲಿಗೆ ಇದರ ಅಗತ್ಯ ಇಲ್ಲ. ನನಗಿದೆ. ಅದು ಬೇಕೆಂದವರು ನನ್ನನ್ನೂ ಕರೆಯಬೇಕು.

೫ ಮೇ ೧೯೭೯

ಗೋಣೆಪ್ಪ ಬಂದ. ಎಳೆದ, ತಿರುಗಿಸಿದ, ಮತ್ತೆ ಎಳೆದ.

"ಜಾಮ್ ಆಗೇತೇನ್ರಿ ಇದು?"

"ನನ್ನ ಕೈಗಷ್ಟ ಬಗ್ಗತೈತಿ. ನಾನೂ ಬರಬೇಕಾಗತೈತಿ ನೋಡು."

"ಅಷ್ಟ ಹೌದಲ್ರಿ? ಬರ್ರಿ ಮತ್ತ!"

ಇಷ್ಟು ಸುಲಭವಿತ್ತೇ! ಸುಮ್ಮನೆ ಕೇಳಿದ್ದರೂ ಆಗುತ್ತಿತ್ತೇನೋ.

೧೨ ಮೇ

ಪರದೆಯ ಪಕ್ಕ ನಿಂತು, ಮೊಳೆ ಒತ್ತಿ, ಖಳನಾಯಕನ ಕೈಗೆ ಕೊಡುವುದು — ಅದೇ ನನ್ನ ಪಾರ್ಟು. ಢಂ ಎಂದಿತು. ಹೆಂಗಸೊಬ್ಬಳು ಚೀರಿದಳು. ಹಾರ್ಮೋನಿಯಂ ಮಾಸ್ತರ ಕೂಡ ಒಂದು ಗಳಿಗೆ ಕೈ ಬಿಟ್ಟ. ಯಾರೂ ನಗಲಿಲ್ಲ.

ಊಟ ಗೋಣೆಪ್ಪನ ಮನೆಯಲ್ಲಿ. ಅವನ ತಾಯಿ ಮುದಕಮ್ಮ ಬಡಿಸಿದಳು. ನಾಲ್ಕು ಹೋಳಿಗೆಯಾಗಿದ್ದವು, ಸಾಕೆಂದೆ.

"ಯಾರಿಗೆ ಉಳಸಾಕತ್ತಿ? ಮನ್ಯಾಗ ಯಾರದಾರ?"

"ಯಾರೂ ಇಲ್ಲವ್ವ. ಹೆಂಡತಿ ತೀರಿಕೊಂಡು ಆರು ವರ್ಸಾತು."

ಮುದುಕಿ ಇನ್ನೆರಡು ಹಾಕಿದಳು. ಹೊರಡುವಾಗ, "ಮುಂದಿನ ವರ್ಸಾನೂ ಬಾ ಯಪ್ಪಾ" ಅಂದಳು. ಪಿಸ್ತೂಲಿಗೆ ಹೇಳಿದಳೋ, ನನಗೋ? ದಾರಿಯುದ್ದಕ್ಕೂ ಅದೇ ಯೋಚನೆ. ಪಿಸ್ತೂಲಿಗೇ ಇರಬೇಕು.

೩ ಫೆಬ್ರುವರಿ ೧೯೮೦

ಬಹಳ ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಕಳೆದ ವಾರ ಜ್ವರ. ಎದ್ದು ಹೋಗಿ ಗೇಜ್ ಬರೆದು ಬಂದು ಮಲಗುವುದು. ಹೊರಗೆ ಕಾಲುವೆ ತುಂಬ ನೀರು, ಒಳಗೆ ಒಂದು ಲೋಟ ಕೊಡುವವರಿಲ್ಲ. ಅತ್ತುಬಿಟ್ಟೆ. ಅದನ್ನೂ ಬರೆಯುತ್ತೇನೆ, ಯಾರು ಓದುತ್ತಾರೆ.

ಈಗ ವಾಸಿ. ಪಿಸ್ತೂಲಿನ ಹಿಡಿಗೆ ಹಿತ್ತಾಳೆಯ ಬಳೆ ಕೂರಿಸಿದೆ, ಆಫೀಸರುಗಳು ಹುರಿ ಕಟ್ಟುವಂಥದ್ದು. ಮೈಗೆ ಕರಿ ಬಣ್ಣ. ಈ ಸಲ ಎರಡು ಸಲ ಸದ್ದಾಗುತ್ತದೆ. ಗೋಣೆಪ್ಪ ನೋಡಿ ಬೆರಗಾಗಬೇಕು.

೪ ಮೇ

ಗೋಣೆಪ್ಪ ಬಂದಿದ್ದ. ಅವನು ಸೈಕಲ್ ನಿಲ್ಲಿಸುವ ಮೊದಲೇ ಪಿಸ್ತೂಲಿದ್ದ ಟ್ರಂಕ್ ತೆಗೆದೆ.

"ಅದು ಬ್ಯಾಡ್ರಿ. ಈ ವರ್ಸ ಭಕ್ತಿ ನಾಟಕ. ಪಿಸ್ತೂಲಿನ ಸೀನ್ ಇಲ್ಲ."

"ಮತ್ಯಾಕ ಬಂದಿ?"

"ನಿಮ್ಮನ್ನ ಕರಿಯಾಕ ಬಂದೀನ್ರಿ. ಕಾಲುವಿ ಸಾಹೇಬ್ರನ್ನ ಬಿಟ್ಟುಬರಬ್ಯಾಡ ಅಂತ ಅವ್ವ ಹೇಳ್ಯಾಳ."

"ಬಂದು ನಾ ಏನ್ ಮಾಡ್ಲಿ?"

"ಉಣ್ರಿ. ಕುಂತು ನೋಡ್ರಿ. ಮತ್ತೇನ್ ಮಾಡ್ತಾರ ಮಂದಿ?"

ನನಗೇನಾಯಿತೋ. "ಆಗಂಗಿಲ್ಲಪ್ಪ. ಗೇಜ್ ಬರೀಬೇಕು. ಡ್ಯೂಟಿ" ಎಂದುಬಿಟ್ಟೆ.

ಗೋಣೆಪ್ಪ ಕಾಲುವೆಯತ್ತ ನೋಡಿದ. ನೀರು ನಿಂತು ಹದಿನೈದು ದಿನ. ತಳದಲ್ಲಿ ಯಾರದೋ ಆಡುಗಳು ಓಡಾಡುತ್ತಿದ್ದವು.

"ಹೂನ್ರಿ. ಡ್ಯೂಟಿ ಅಂದಮ್ಯಾಲ ಮುಗೀತು" ಅಂದ. ನಗಲೂ ಇಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

೬ ಮೇ

ಮನೆಗೆ ಬಂದು ಕರೆದವನನ್ನು ಬರಿಗೈಯಲ್ಲಿ ಕಳಿಸಿದೆ. ಇದೇ ಕರೆಗಾಗಿ ಹಿಡಿ ಕೆತ್ತಿದೆ, ಸ್ಪ್ರಿಂಗ್ ಕೂರಿಸಿದೆ, ಮೊಳೆ ಬಚ್ಚಿಟ್ಟೆ. ಕರೆ ಬಂದಾಗ ಪಿಸ್ತೂಲು ಕೇಳಲಿಲ್ಲವೆಂದು ಸಿಟ್ಟು! ನಾನೇ ಬೇಕಾಗಿದ್ದೇನೆ ಎಂದರೆ ನಂಬಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನ್ನ ಪೂಜಾರಿ ನಾನೇ.

ಗೌಸಬೀ ಕೇಳಿದಳು, "ನಾಡಿದ್ದು ನಾಟಕಕ್ಕ ಹೋಗಂಗಿಲ್ಲೇನ್ರಿ?" ಡ್ಯೂಟಿ ಅನ್ನಲು ಬಾಯಿ ಬರಲಿಲ್ಲ. ಅವಳ ಅಂಗಡಿಯಿಂದಲೂ ಕಾಲುವೆ ಕಾಣುತ್ತದೆ.

೮ ಮೇ, ಸಂಜೆ

ಹುಲಿಹೈದರದ ದಾರಿಯ ಕನಕಗಿರಿ ಬಸ್ಸು ಐದಕ್ಕೆ. ಅಂಗಿ ಒಗೆದು ಒಣಗಿಸಿದ್ದಾಯಿತು. ಪಿಸ್ತೂಲನ್ನು ಚೀಲಕ್ಕೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ಹೊಸ ಬಳೆಯನ್ನಾದರೂ ತೋರಿಸಬಹುದಲ್ಲ... ಬೇಡ. ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಚೀಲದಲ್ಲಿ ಈಗ ಒಂದು ಟವೆಲ್ಲು, ಮುದಕಮ್ಮನಿಗೆ ಬಾಳೆಹಣ್ಣು. ಇಷ್ಟು ಹಗುರ ಚೀಲ ಹಿಡಿದು ಆ ಊರಿಗೆ ಹೋದವನಲ್ಲ. ಭಯವಾಗುತ್ತಿದೆ. ಡ್ಯೂಟಿ ಏನಾತಪ್ಪಾ ಅಂದರೆ? ಕಾಲುವೆ ಬತ್ತಿದೆ ಅಂದುಬಿಡುವುದು. ಎಲ್ಲರಿಗೂ ಗೊತ್ತಿರುವುದೇ.

ಗೇಜ್ ಪುಸ್ತಕದಲ್ಲಿ "ನೀರಿಲ್ಲ" ಎಂದು ಬರೆದು ಸಹಿ ಹಾಕಿದೆ. ಇನ್ನೂ ಹೊತ್ತಿದೆ, ಅದಕ್ಕೇ ಇದನ್ನೂ — ಹಾರ್ನ್! ಇವತ್ತೇ ಮುಂಚೆ ಬರಬೇಕೇ ಈ ಬಸ್ಸು? ಕಿಟಕಿಯಿಂದ ನೋಡಿದರೆ ಗೌಸಬೀ ರಸ್ತೆಗೆ ಅಡ್ಡ ನಿಂತಿದ್ದಾಳೆ, "ಸಾಹೇಬ್ರ ಬರೂದೈತಿ, ತಡಿಯೋ" ಅಂತ ಡ್ರೈವರನಿಗೆ ಕೂಗುತ್ತಿದ್ದಾಳೆ, ನಾನು ಹೋಗುತ್ತೇನೆಂದು ಅವಳಿಗೆ ಹೇಳಿಯೇ ಇರಲಿಲ್ಲ