ಕೆಂಪು ದಾರದ ಪೆನ್‌ಡ್ರೈವ್

ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ, ಶಟರ್ ಅರ್ಧ ಎಳೆದುಕೊಂಡು

ಏನೆಂದು ಕರೆಯಬೇಕೋ ತಿಳಿಯದವಳಿಗೆ,

ಸೊಸೆ ಎಂದು ಬರೆದರೆ ನಿನ್ನ ವಕೀಲರು ಹುಬ್ಬು ಗಂಟಿಕ್ಕುತ್ತಾರೆ. ಬರೆಯದಿದ್ದರೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಸದ್ಯಕ್ಕೆ ಮೇಲಿನ ಸಾಲಿನಲ್ಲೇ ಸುಧಾರಿಸಿಕೋ. ಕೈಬರಹ ನೋಡಿ ಗಾಬರಿಯಾಗಬೇಡ, ನನಗೆ ಕಾಯಿಲೆಯೇನಿಲ್ಲ. ಇದೇ ಪತ್ರವನ್ನು ಕಂಪ್ಯೂಟರಿನಲ್ಲಿ ಚೆಂದವಾಗಿ ಟೈಪ್ ಮಾಡಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಮಂಗಮಾಯ. ಮತ್ತೆ ಮಾಡಿದೆ, ಮತ್ತೆ ಮಾಯ. ಹಾಗಾಗಿ ಬಿಲ್ ಪುಸ್ತಕದ ಹಿಂಬದಿಯ ಖಾಲಿ ಹಾಳೆ ಹರಿದುಕೊಂಡು ಕೂತಿದ್ದೇನೆ.

ನಿನ್ನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ನನ್ನ ಮಗನನ್ನು ಬಿಟ್ಟು ಹೋದದ್ದಕ್ಕಲ್ಲ, ಅದು ನೀವಿಬ್ಬರೂ ನೋಡಿಕೊಳ್ಳಬೇಕಾದದ್ದು. ನಿನ್ನ ಆ ಲಿನಕ್ಸನ್ನು ಅರ್ಧಕ್ಕೆ ಬಿಟ್ಟು, ನನ್ನ ತಲೆಗೆ ಕಟ್ಟಿ ಹೋದೆಯಲ್ಲ, ಅದಕ್ಕೆ.

ಶುರುವಾದದ್ದು ಹೇಗೆಂದು ನೆನಪಿಸುತ್ತೇನೆ. ನಮ್ಮ ಕಸೂತಿ ಅಂಗಡಿಯ ಹಳೆಯ ಕಂಪ್ಯೂಟರ್ ಮಾತೆತ್ತಿದರೆ ವಿಂಡೋಸಿನ ಹೊಸ ಆವೃತ್ತಿಗೆ ತಾನು ಲಾಯಕ್ಕಲ್ಲ ಎಂದು ಪರದೆಯ ಮೇಲೆ ಚೀಟಿ ತೋರಿಸುತ್ತಿತ್ತು. ನನ್ನ ಮಗ, ಎಸೆದು ಹೊಸದು ತರೋಣ ಎಂದ. ನೀನು ಒಪ್ಪಲಿಲ್ಲ. "ಮಷೀನು ಗಟ್ಟಿಯಾಗೇ ಇದೆ ಅತ್ತೆ, ಒಳಗಿರೋದನ್ನ ಬದಲಾಯಿಸಿದ್ರೆ ಸಾಕು" ಎಂದೆ. ವಿಂಡೋಸ್ ಬದಲಿಗೆ ಲಿನಕ್ಸ್ ಎಂದೆ. ಅದರಲ್ಲೂ ಹೊಸಬರಿಗೆಂದೇ ಮಾಡಿದ, ಮಿಂಟ್ ಎಂಬ ಪೆಪ್ಪರ್‌ಮಿಂಟಿನಂಥ ಹೆಸರಿನದು. ಬಿಟ್ಟಿ ಸಿಗುತ್ತದೆ ಎಂದಾಗಲೇ ನನಗೆ ಅನುಮಾನ ಬಂದಿತ್ತು. ಪೆನ್‌ಡ್ರೈವ್‌ಗೆ ತುಂಬಿಸಿಕೊಂಡು ಬಂದು, ಚುಚ್ಚಿ, ಓಡಿಸಿ ತೋರಿಸಿದೆ. "ಮೊದಲು ಹೀಗೇ ಇನ್‌ಸ್ಟಾಲ್ ಮಾಡದೆ ನೋಡಿ. ಹಿಡಿಸಿದ್ರೆ ನಾಳೆ ನಾನೇ ಕೂತು ಒಳಗೆ ಹಾಕ್ತೀನಿ" ಎಂದೆ. ಅದೇ ಸಂಜೆ ನಿಮ್ಮಿಬ್ಬರಿಗೂ ಜಗಳವಾಯಿತು. ನೀನು ಬ್ಯಾಗು ಹಿಡಿದುಕೊಂಡು ಹೊರಟೆ. ಆ ನಾಳೆ ಇವತ್ತಿನವರೆಗೂ ಬಂದಿಲ್ಲ.

ನನ್ನ ಪಾಡು ಕೇಳು. ದಿನಾ ಬೆಳಿಗ್ಗೆ ಕಂಪ್ಯೂಟರ್ ಹೊಸದಾಗಿ ಹುಟ್ಟುತ್ತದೆ. ನೀನು ಹೇಳಿಕೊಟ್ಟ ಕೀ ಒತ್ತಿ, ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆಯ್ದು, ಕಾಯ್ದರೆ ಬೋಳು ಪರದೆ. ನಿನ್ನೆ ಯಾರೋ ಕೂತು ಇಲ್ಲಿ ಬೆವರು ಸುರಿಸಿದ್ದರು ಎಂಬುದರ ಗುರುತೇ ಇಲ್ಲ. ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕು. ಪಕ್ಕದವರು ಕದಿಯುತ್ತಾರೆಂದು ನೀನೇ ಇಟ್ಟ ಪಾಸ್‌ವರ್ಡಲ್ಲವೇ ಅದು, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ನಡುವೆ ನಕ್ಷತ್ರ, ಬಾಲದಲ್ಲೊಂದು ಆಶ್ಚರ್ಯಸೂಚಕ. ಆಶ್ಚರ್ಯವೇನೋ ನನಗೆ ದಿನಾ ಆಗುತ್ತಿದೆ. ಆಮೇಲೆ ಕಸೂತಿಯ ಪ್ರೋಗ್ರಾಂ ಮತ್ತೆ ಇಳಿಸಿಕೊಳ್ಳಬೇಕು. ಅದಾದ ಮೇಲೆ ಆಸ್ಪತ್ರೆಯವರ ಬ್ಯಾಡ್ಜನ್ನು ಮೊದಲಿನಿಂದ ಬಿಡಿಸಬೇಕು. ಎರಡು ಅಂಗೈ, ನಡುವೆ ಎಲೆ, ಸುತ್ತ ಅಕ್ಷರ. ನರ್ಸುಗಳ ಕೋಟಿನ ಜೇಬಿಗೆ ಹೊಲಿಯುವುದು, ನಿನಗೆ ಗೊತ್ತಿರುವುದೇ. ಆ ಎಲೆಯ ನರಗಳನ್ನು ಬಿಡಿಸಿ ಬಿಡಿಸಿ ನನಗೆ ಗಿಡ ಕಂಡರೆ ಆಗದ ಹಾಗಾಗಿದೆ.

ಮೊದಲು ನನ್ನನ್ನೇ ಬೈದುಕೊಂಡೆ. ಆಮೇಲೆ ಕಂಪ್ಯೂಟರನ್ನು ಬೈದೆ. ಉಳಿದದ್ದೆಲ್ಲ ನಿನ್ನ ಪಾಲಿಗೆ ಬಂತು. ನಿನಗೆ ಬಿಕ್ಕಳಿಕೆ ಬಂದಿದ್ದರೆ ಕಾರಣ ಹುಡುಕಬೇಡ.

ಕಂಪ್ಯೂಟರ್ ಆರಿಸಿದರೆ ತಾನೇ ಅಳಿಸಿಹೋಗುವುದು, ಆರಿಸುವುದೇ ಬೇಡ ಎಂದು ಒಂದು ಉಪಾಯ ಮಾಡಿದೆ. ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿ, ರಟ್ಟಿನ ಮೇಲೆ 'ಮುಟ್ಟಬೇಡಿ' ಎಂದು ಬರೆದು ತೂಗುಹಾಕಿದೆ. ಮಾರನೆಯ ದಿನ ಬಂದಾಗ ಕಂಪ್ಯೂಟರ್ ತಣ್ಣಗಾಗಿತ್ತು. ಕಸ ಗುಡಿಸುವವಳನ್ನು ಕೇಳಿದರೆ, "ಸ್ವಿಚ್ ಮುಟ್ಲೇ ಇಲ್ಲಮ್ಮ, ನೀವು ಬರ್ದಿದ್ರಲ್ಲ! ಪ್ಲಗ್ ಮಾತ್ರ ತೆಗ್ದೆ" ಎಂದಳು. ಅವಳ ಮೇಲೆ ರೇಗುವುದಕ್ಕೂ ನನಗೆ ಜಾಗ ಬಿಡಲಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಒಂದು ದಿನ ಡಿಸೈನ್ ಮುಗಿಸಿದೆ. ಎಂಬ್ರಾಯ್ಡರಿ ಮಷೀನಿಗೆ ಅದನ್ನು ಪೆನ್‌ಡ್ರೈವ್‌ನಲ್ಲೇ ಕೊಡಬೇಕಲ್ಲ. ಹಿಂದೆಲ್ಲ ಕಂಪ್ಯೂಟರಿನಿಂದ ಕಿತ್ತು ಮಷೀನಿಗೆ ಚುಚ್ಚುತ್ತಿದ್ದೆವು, ಕೈಗೆ ಅದೇ ಅಭ್ಯಾಸ. ಎದುರಿಗೆ ಚುಚ್ಚಿಕೊಂಡಿದ್ದ ಪೆನ್‌ಡ್ರೈವನ್ನು ಎಳೆದೇಬಿಟ್ಟೆ. ಲಿನಕ್ಸ್ ಕೂತಿದ್ದದ್ದೇ ಅದರ ಮೇಲೆ! ಬಾಣ ಅಲ್ಲಾಡಲಿಲ್ಲ, ಅಕ್ಷರ ಬೀಳಲಿಲ್ಲ, ಆಮೇಲೆ ಕಪ್ಪು ಪರದೆಯ ತುಂಬ ಏನೇನೋ ಸಾಲುಗಳು ಓಡಿದವು. ನಾನು ಏನೋ ಮಹಾ ಪಾಪ ಮಾಡಿದವಳ ಹಾಗೆ ಪೆನ್‌ಡ್ರೈವ್ ಹಿಡಿದುಕೊಂಡು ನಿಂತಿದ್ದೆ. ಮತ್ತೆ ಚುಚ್ಚಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಅವತ್ತು ಪಿತ್ತ ನೆತ್ತಿಗೇರಿ, ಶಟರ್ ಎಳೆದು ಮನೆಗೆ ಹೋಗಿ ಮಲಗಿದೆ. ಹೊಟ್ಟೆಗೂ ಏನೂ ತೆಗೆದುಕೊಳ್ಳಲಿಲ್ಲ.

ಈಗ ಎರಡು ಪೆನ್‌ಡ್ರೈವ್ ಇಟ್ಟಿದ್ದೇನೆ. ಲಿನಕ್ಸಿನದಕ್ಕೆ ಕೆಂಪು ದಾರ ಕಟ್ಟಿದೆ, ಮುಟ್ಟಕೂಡದು. ಡಿಸೈನಿನದಕ್ಕೆ ನೀಲಿ ದಾರ. ಬ್ಯಾಡ್ಜೇನೋ ಈಗ ನೀಲಿಯಲ್ಲಿ ಉಳಿಯುತ್ತದೆ. ವೈಫೈ, ಪ್ರೋಗ್ರಾಂ, ಉಳಿದ ಗೋಳೆಲ್ಲ ಹಾಗೇ ಇದೆ.

ಕೊನೆಗೆ ಪಕ್ಕದ ಅಂಗಡಿಯ ಕನ್ನಡಕದವರನ್ನು ಕರೆದು ತೋರಿಸಿದೆ. ಎಲ್ಲದರಲ್ಲೂ ಮೂಗು ತೂರಿಸುವ ಮನುಷ್ಯ, ಇದರಲ್ಲೂ ತೂರಿಸಲಿ ಎಂದುಕೊಂಡೆ. ಅವರು ನೋಡಿ, ಅಮ್ಮಾ, ಇದು ಇನ್ನೂ ನಿಮ್ಮ ಕಂಪ್ಯೂಟರಿನ ಒಳಗೆ ಬಂದೇ ಇಲ್ಲ, ಹೊಸ್ತಿಲಲ್ಲೇ ನಿಂತಿದೆ ಎಂದರು. ಪರದೆಯ ಮೇಲೆ ಇನ್‌ಸ್ಟಾಲ್ ಎಂಬ ಗುರುತು ಇದೆ, ಅದನ್ನು ಒತ್ತಿದರೆ ಒಳಗೆ ಹೋಗಿ ನೆಲೆಯಾಗುತ್ತದೆಯಂತೆ. ಅಷ್ಟು ದಿನ ನಾನು ಅದನ್ನು ಜಾಹೀರಾತು ಎಂದುಕೊಂಡಿದ್ದೆ. ಒತ್ತಿ ನೋಡಿದೆ ಕೂಡ. ಒಂದೆರಡು ಪ್ರಶ್ನೆ ಕೇಳಿ, ಆಮೇಲೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಬಿಡಲೇ ಎಂದಿತು. ಅಷ್ಟು ಸಲೀಸಾಗಿ ಕೇಳುವ ಮಾತೇ ಅದು? ಹೆದರಿ ವಾಪಸು ಬಂದೆ. ನನ್ನ ಕೈಯಲ್ಲಿ ಆಗದ ಕೆಲಸ. ನೀನೇ ಬಂದು ಮಾಡಿಕೊಡಬೇಕು.

ನ್ಯಾಯವಾಗಿ ಹೇಳಬೇಕೆಂದರೆ ಒಂದು ವಿಷಯದಲ್ಲಿ ಬೈಯಲು ಆಗಲಿಲ್ಲ. ನಮ್ಮ ಹಟಮಾರಿ ಪ್ರಿಂಟರ್ ಇದೆಯಲ್ಲ, ಸಿಡಿ ಹಾಕಿ ಗಂಟೆಗಟ್ಟಲೆ ಓಲೈಸಿದರೂ ಮುಖ ತಿರುಗಿಸುತ್ತಿದ್ದದ್ದು. ಲಿನಕ್ಸ್ ಬಂದ ತಕ್ಷಣ ಅದನ್ನು ತಾನಾಗಿಯೇ ಗುರುತು ಹಿಡಿದು ಮಾತಾಡಿಸಿತು. ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಮಾತಾಡಿಸುವ ಮಾತು ಬಂತು, ಹಾಗಾಗಿ ಹೇಳುತ್ತೇನೆ. ನಿನ್ನ ಗಂಡ ಚೆನ್ನಾಗಿದ್ದಾನೆ, ಅಂದರೆ ಮೊದಲಿದ್ದ ಹಾಗೇ ಇದ್ದಾನೆ. ಊಟಕ್ಕೆ ಕೂತರೆ ತಟ್ಟೆಯ ಜೊತೆಗೆ ಮಾತ್ರ ವ್ಯವಹಾರ. ಏನಾಯಿತೋ ಎಂದರೆ ಏನಿಲ್ಲ ಎನ್ನುತ್ತಾನೆ. ಬೇಜಾರೇನೋ ಎಂದರೂ ಏನಿಲ್ಲ. ಈ ಲಿನಕ್ಸಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ನಾನು ಬರೆದದ್ದು ತಪ್ಪಾದರೆ ಅದು ತಪ್ಪು ಎಂದಾದರೂ ಹೇಳುತ್ತದೆ. ಇವನ ಬಾಯಿಂದ ಅಷ್ಟೂ ಹೊರಡುವುದಿಲ್ಲ. ತನ್ನ ವಕೀಲರು ಬೇಡವೆಂದಿದ್ದಾರೆ, ನಿನಗೆ ಪತ್ರಗಿತ್ರ ಬರೆಯಬಾರದು ಎಂದು ನನಗೆ ಹೇಳಲು ಮಾತ್ರ ಬಾಯಿ ಬಂದಿತ್ತು. ಇದು ಪತ್ರವಲ್ಲ, ಕಂಪ್ಯೂಟರಿನ ದೂರು ಎಂದು ಹೇಳಿದ್ದೇನೆ.

ಅವನ ಜೊತೆ ಬಾಳು ಎಂದು ನಾನು ಹೇಳುವುದಿಲ್ಲ. ಅವನನ್ನು ಹೆತ್ತವಳಿಗೇ ಅವನ ಜೊತೆ ಒಂದು ಊಟ ಮುಗಿಸುವುದು ಇಷ್ಟು ಕಷ್ಟವಾದರೆ, ನಿನ್ನನ್ನು ಯಾವ ಮುಖದಲ್ಲಿ ಕೇಳಲಿ? ಆದರೆ ನೀನು ಅವನನ್ನು ಬಿಟ್ಟರೆ ನನ್ನನ್ನೂ ಬಿಟ್ಟ ಹಾಗೆ ಎಂದು ಯಾವ ಕಾನೂನಿನಲ್ಲಿ ಬರೆದಿದೆ? ಹೋಗುವಾಗ ನೀನು ನನಗೆ ಹೇಳಿ ಹೋಗಲಿಲ್ಲ. ಅದರಿಂದ ನನಗೆ ತುಂಬ ನೋವಾಗಿದೆ. ಡಿಸೈನ್ ಮಾಡೋರು ಎಲ್ಲಿ ಎಂದು ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ರಜೆ ಎನ್ನುತ್ತೇನೆ. ನಿನ್ನ ಕುರ್ಚಿಯ ಮೇಲೆ ಬಟ್ಟೆಯ ಗಂಟು ಇಟ್ಟಿದ್ದೇನೆ, ಖಾಲಿ ಕುರ್ಚಿ ನೋಡಲು ಆಗುವುದಿಲ್ಲವೆಂದು. ನೀನಿಲ್ಲದೆ ಅಂಗಡಿ ಬಿಕೋ ಎನ್ನುತ್ತಿದೆ.

ಆಸ್ಪತ್ರೆಯ ಮೇಟ್ರನ್ ಬೇರೆ ಕೋಟುಗಳಿಗೆ ಅವಸರ ಮಾಡುತ್ತಿದ್ದಾರೆ. ಬಂದು ಆ ಇನ್‌ಸ್ಟಾಲನ್ನು ಮಾಡಿಕೊಟ್ಟು ಹೋಗು. ನನ್ನ ಮಗ ಡ್ಯೂಟಿಗೆ ಹೋಗಿರುವ ಹೊತ್ತಿನಲ್ಲೇ ಬಾ. ನಿನ್ನಿಂದಾದ ಎಡವಟ್ಟು, ನೀನೇ ಸರಿಮಾಡಬೇಕು. ಇಷ್ಟೇ ನನ್ನ ದೂರು.

ವಕೀಲರು ಅಲ್ಲವೆನ್ನುವವರೆಗೆ,
ನಿನ್ನ ಅತ್ತೆ

ಮರೆತ ಮಾತು, ಬುಧವಾರ: ಕವರ್ ಕೊಳ್ಳಲು ಪುರುಸೊತ್ತಾಗದೆ ಈ ಪತ್ರ ಕತ್ತರಿಯ ಕೆಳಗೇ ಉಳಿದಿತ್ತು. ಸೋಮವಾರ ಮೇಟ್ರನ್ ಬಂದು, ಬಟ್ಟೆಯ ಗಂಟನ್ನು ಕೆಳಗಿಟ್ಟು, ನಿನ್ನ ಕುರ್ಚಿಯಲ್ಲೇ ಕೂತರು. ಈ ವಾರ ಕೋಟುಗಳು ಬರದಿದ್ದರೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಕೊಡುತ್ತೇನೆ ಎಂದರು. ಕೆಲಸ ಹೋಗುವುದೊಂದು ಕಡೆ, ಆ ಅಂಗಡಿಯವನು ಅಕ್ಷರಗಳನ್ನು ಹೊಲಿಯುವ ಚೆಂದ ನೀನೂ ನೋಡಿದ್ದೀಯ. ಅವರು ಹೋದ ಕೂಡಲೇ ನಾನೇ ಇನ್‌ಸ್ಟಾಲ್ ಒತ್ತಿದೆ.

ನಿಜ ಹೇಳಿಬಿಡುತ್ತೇನೆ. ಕನ್ನಡಕದವರು ಏನೂ ಹೇಳಿರಲಿಲ್ಲ. ಬಂದು, ಪರದೆಯ ಬಣ್ಣ ಚೆನ್ನಾಗಿದೆ ಎಂದು ಹೊಗಳಿ ಹೋದರು, ಅಷ್ಟೇ. ಆ ಗುರುತು ಏನೆಂದು ನನಗೆ ನೀನು ಹೋದ ಮಾರನೆಯ ದಿನವೇ ಗೊತ್ತಾಗಿತ್ತು. ಅಲ್ಲೇ ಬರೆದಿದೆ, ನನಗೇನು ಕಣ್ಣು ಕಾಣುವುದಿಲ್ಲವೇ? ನಾಳೆ ನಾನೇ ಕೂತು ಹಾಕ್ತೀನಿ ಎಂದಿದ್ದೆಯಲ್ಲ. ನಾನೇ ಹಾಕಿಬಿಟ್ಟರೆ ನಿನ್ನ ಆ ನಾಳೆಯೂ ಮುಗಿದುಹೋಗುತ್ತದೆ ಎಂದು ಹೆದರಿ, ದಿನಾ ಬೆಳಿಗ್ಗೆ ಆ ದರಿದ್ರ ಪಾಸ್‌ವರ್ಡ್ ಹೊಡೆಯುತ್ತ ಕೂತೆ.

ಹಳೆಯ ಡಿಸೈನುಗಳನ್ನೆಲ್ಲ ನೀಲಿ ದಾರದ್ದಕ್ಕೆ ಸಾಗಿಸಿ, ಅಳಿಸಲೇ ಎಂದು ಕೇಳಿದಾಗ ಅಳಿಸು ಎಂದೆ. ಮಷೀನಿನ ಸೂಜಿಗಳಿಗೆಲ್ಲ ಬಣ್ಣ ಬದಲಾಯಿಸಿ ಮುಗಿಸುವಷ್ಟರಲ್ಲಿ ಅದರ ಕೆಲಸವೂ ಮುಗಿದಿತ್ತು. ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಎಂದಿತು. ಆ ಕೆಂಪು ದಾರ ಹಿಡಿದು ಕಣ್ಣು ಮುಚ್ಚಿಕೊಂಡು ಎಳೆದೆ, ಹಿಂದಿನದು ನೆನಪಿತ್ತಲ್ಲ. ಈ ಸಲ ಅದು ತಾನಾಗಿಯೇ ಎದ್ದು ನಿಂತಿತು. ನಿನ್ನೆಯದೆಲ್ಲ ಇವತ್ತೂ ಇದೆ. ಇಷ್ಟು ಸುಲಭವಿತ್ತೇ ಎಂದು ಇನ್ನೂ ಸಿಟ್ಟು ಬಂತು. ಕೋಟುಗಳು ನಾಳೆ ಹೊರಡುತ್ತವೆ.

ಯಾರು ಬಳಸುವವರು ಎಂದು ಹೆಸರು ಕೇಳಿತು. ನನ್ನದು ಕೊಟ್ಟೆ. ಆಮೇಲೆ ಹುಡುಕಿ ಹುಡುಕಿ, ನಿನ್ನ ಹೆಸರಿಗೂ ಒಂದು ಖಾತೆ ಮಾಡಿದ್ದೇನೆ. ಈಗ ಕಂಪ್ಯೂಟರ್ ಹಚ್ಚಿದರೆ ನಮ್ಮಿಬ್ಬರ ಹೆಸರೂ ಒಂದರ ಕೆಳಗೊಂದು ಬರುತ್ತವೆ. ನಿನ್ನದಕ್ಕೆ ಆ ವೈಫೈ ಪಾಸ್‌ವರ್ಡೇ ಇಟ್ಟಿದ್ದೇನೆ, ಈಗ ಅದು ನನಗೆ ಬಾಯಿಪಾಠ. ನನ್ನ ಮಗ ನೋಡಿ, "ನನ್ ಹೆಸ್ರೆಲ್ಲಮ್ಮ?" ಎಂದ. ತಾನಾಗಿ ಬಾಯಿಬಿಟ್ಟು ಕೇಳಿದನಲ್ಲ ಎಂದು ಆಶ್ಚರ್ಯವಾಯಿತು. ಆದರೂ ಸೇರಿಸಿಲ್ಲ.

ಕೆಂಪು ದಾರದ ಪೆನ್‌ಡ್ರೈವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅದು ನಿನ್ನದು, ಇಲ್ಲಿ ಇನ್ನು ಅದಕ್ಕೆ ಕೆಲಸವಿಲ್ಲ. ರಿಪೇರಿ ಮಾಡಲು ಏನೂ ಉಳಿದಿಲ್ಲ, ನೀನು ಬರಲು ಯಾವ ನೆಪವೂ ಇಲ್ಲ. ಸುಮ್ಮನೆ ಬಾ.